ಸೋಪಿನ ಡಬ್ಬಿಯಲ್ಲಿ ಉಸಿರು

ಸಿಟ್ಟು ಆರಿದ ಮೇಲೆ ಬರೆಯೋಣವೆಂದು ಕಾದೆ. ಎಂಟು ತಿಂಗಳಾಯಿತು, ಆರಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಇದು ನನ್ನ ತಂಗಿಯ ವಿಷಯ. ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆ ನನಗೇ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವಳು ಹುಟ್ಟಿದಾಗ ಅತ್ತ ಸದ್ದಿಗೆ ಎದುರುಮನೆಯವರು ಏನೋ ಬಿತ್ತೆಂದು ಓಡಿ ಬಂದಿದ್ದರು. ಆಮೇಲೆ ಬದುಕೆಲ್ಲ ಅದೇ ಗಂಟಲು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ಬೇರೊಂದು ಮನೆ ಮಾಡಿದ. ಅವನನ್ನು ಬಸ್ ನಿಲ್ದಾಣದಲ್ಲಿ ನಿಲ್ಲಿಸಿ ಅವಳು ಕೇಳಿದ್ದು ಬಸ್ಸಿನೊಳಗೆ ಕೂತವರಿಗೂ ಕೇಳಿಸಿ, ಚಾಲಕ ಹೊರಡುವುದನ್ನೇ ಮರೆತಿದ್ದನಂತೆ. ಅಲ್ಲಿಂದ ನೇರ ನನ್ನ ಮನೆಗೆ ಬಂದಳು. "ಅಕ್ಕಾ, ಚಾಪೆ ಎಲ್ಲಿದೆ?" ಅಂದಳು. ಅಷ್ಟೇ. ಅಂದಿನಿಂದ ನಾವಿಬ್ಬರೂ ಒಂದೇ ಸೂರಿನಡಿ.

ಕೆಲಸ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ. ಇಪ್ಪತ್ತೆರಡು ವರ್ಷ ಒಂದೇ ಮೇಜು. ಹೊಲಿಗೆ ಮುಗಿದ ಬಿಳಿ ಅಂಗಿಗಳು ಅವಳ ಮುಂದೆ ಬಂದು ಬೀಳುತ್ತವೆ; ಅವಳು ಕಾಲರ್ ಹಿಡಿದೆತ್ತಿ, ಎರಡೂ ಮೂಲೆ ಜೋಡಿಸಿ, ಬೆಳಕಿಗೆ ಹಿಡಿದು, ತಪ್ಪಿದ್ದಲ್ಲಿ ಒಂದು ಕೆಂಪು ಬಾಣದ ಚೀಟಿ ಅಂಟಿಸಿ ವಾಪಸ್ ಎಸೆಯಬೇಕು. ಚೀಟಿ ಅಂಟಿಸಿದರೆ ಸಾಕು, ಬಾಯಿ ಬೇಕಿಲ್ಲ. ಆದರೆ ಇವಳು ಬಿಡಬೇಕಲ್ಲ! "ಯಾರಪ್ಪಾ ಇದನ್ನ ಹೊಲಿದ ಪುಣ್ಯಾತ್ಮ? ಇದನ್ನ ಹಾಕ್ಕೊಂಡೋನು ಜೀವನಪೂರ್ತಿ ಎಡಗಡೆಗೇ ನೋಡ್ಬೇಕಾಗುತ್ತೆ!" ಎಂದು ಇನ್ನೂರು ಯಂತ್ರಗಳ ಸದ್ದಿನ ಮೇಲೆ ಕೂಗುತ್ತಿದ್ದಳು. ಅದಕ್ಕೇ ಅವಳಿಗೆ 'ಸೈರನ್' ಎಂದು ಹೆಸರು ಬಿತ್ತು. ಕಿರಿಯರೆಲ್ಲ ಸೈರನಕ್ಕ ಎನ್ನುತ್ತಿದ್ದರು. ಅವಳಿಗೂ ಆ ಹೆಸರು ಇಷ್ಟವೇ.

ನನ್ನ ಹೊಲಿಗೆ ಯಂತ್ರ ಇರುವುದು ಅದೇ ಕಾರ್ಖಾನೆಯ ಗೇಟಿನ ಎದುರು, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ. ಹರಿದದ್ದನ್ನು ಹೊಲಿಯುತ್ತೇನೆ, ಬಿಗಿಯಾದದ್ದನ್ನು ಬಿಡಿಸುತ್ತೇನೆ, ಚೀಲಗಳಿಗೆ ಹಿಡಿ ಹಾಕುತ್ತೇನೆ. ಕೈ ಕೆಲಸ ಮಾಡುವಾಗ ಕಿವಿಗೆ ಕೆಲಸವಿರುವುದಿಲ್ಲ. ಹಾಗಾಗಿ ಗೇಟಿನಲ್ಲಿ ನಡೆಯುವುದೆಲ್ಲ ನನ್ನ ಕಿವಿಗೆ ಬೀಳುತ್ತದೆ.

ಹೋದ ವರ್ಷಕ್ಕೂ ಹಿಂದಿನ ವರ್ಷ ತಂಗಿಯ ಗಂಟಲು ಕಟ್ಟಿತು. ಮೊದಲು ಶೀತವೆಂದೆವು, ಆಮೇಲೆ ಹತ್ತಿಯ ಧೂಳೆಂದೆವು. ಅವಳ ವಿಭಾಗದ ಸೂಪರ್‌ವೈಸರ್ ನಗುತ್ತ, "ಪರವಾಗಿಲ್ಲ ಅಕ್ಕ, ನಮ್ಮ ಕಿವಿಗೂ ಸ್ವಲ್ಪ ದಿನ ರಜ" ಎಂದ. ಎಲ್ಲರೂ ನಕ್ಕರಂತೆ. ನಾನೂ ಕಡಿಮೆಯವಳಲ್ಲ, ಬಿಸಿನೀರು ಕೊಟ್ಟು, "ಕೂಗೋದು ನಿಲ್ಲಿಸು, ತಾನೇ ಸರಿಹೋಗುತ್ತೆ" ಎಂದು ಆರು ತಿಂಗಳು ಕಳೆದೆ. ಕೊನೆಗೆ ತೋರಿಸಿದಾಗ ಒಳಗೆ ಗಡ್ಡೆ ಬೆಳೆದಿತ್ತು; ಆಸ್ಪತ್ರೆಯವರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಅವಳು ಉಸಿರಾಡುವುದು ಕತ್ತಿನ ಬುಡದಲ್ಲಿರುವ, ಬೆರಳಿನ ಉಗುರಿನಷ್ಟು ಅಗಲದ ಒಂದು ತೂತಿನಿಂದ. ತೂತು ಮುಚ್ಚಿಕೊಳ್ಳದಂತೆ ಅದರೊಳಗೆ ಮೆತ್ತನೆಯ ಒಂದು ಕೊಳವೆ.

ಆಸ್ಪತ್ರೆಯ ನರ್ಸ್ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದಳು. "ಅಮ್ಮಾ, ಸರಿಯಾಗಿ ಕೇಳಿಸ್ಕೊಳ್ಳಿ. ಉಸಿರಾಡೋಕೆ ಇವರಿಗೆ ಇನ್ನು ಮೂಗೂ ಇದೇ, ಬಾಯೂ ಇದೇ. ಕಫ ಒಣಗಿ ಬಿರಡೆ ಹಾಗೆ ಕೂತ್ಕೊಂಡ್ರೆ ಬೇರೆ ದಾರಿ ಇಲ್ಲ. ಉಪ್ಪುನೀರು ಬಿಡಬೇಕು, ಕೆಮ್ಮಿಸಬೇಕು, ಹಳೇ ಕೊಳವೆ ತೆಗೆದು ಹೊಸದು ಹಾಕಬೇಕು. ಕೊಳವೆ ಒಂದು ಮೈಮೇಲೆ, ಎರಡು ಚೀಲದಲ್ಲಿ. ಮನೆಯಿಂದ ಹೊರಗೆ ಕಾಲಿಡೋ ಮುಂಚೆ ಎಣಿಸಿ. ಚೀಲ ಯಾವಾಗಲೂ ಕೈಗೆ ಎಟುಕೋ ಹಾಗಿರಲಿ. ಪಕ್ಕದ ಕೋಣೇಲಿದ್ರೆ ಅದು ಇಲ್ಲ ಅಂತಲೇ ಲೆಕ್ಕ."

ಹನ್ನೆರಡು ಬಗೆಯ ಸಾಮಾನು. ಬಾಯಿಪಾಠ ಮಾಡಿಕೊಂಡೆ. ಕೊಳವೆ, ಉಪ್ಪುನೀರಿನ ಪುಟ್ಟ ಟ್ಯೂಬುಗಳು, ಕೊಳವೆ ತಿಕ್ಕುವ ಬ್ರಷ್ಷು, ಪ್ಲಾಸ್ಟಿಕ್ ಚಿಮಟ, ಕನ್ನಡಿ, ಟಾರ್ಚು, ಕೊಳವೆಗೆ ಸವರುವ ಜೆಲ್ಲಿ, ಗಾಯಕ್ಕಿಡುವ ತೆಳು ಗಾಜ್ ಬಟ್ಟೆ, ಕತ್ತಿನ ಪಟ್ಟಿ, ತೂತಿನ ಮುಂದೆ ಇಳಿಬಿಡುವ ಎದೆಬಟ್ಟೆ, ಕೈ ಒರೆಸುವ ಔಷಧ, ಕೊಳೆಯಾದದ್ದನ್ನು ಹಾಕುವ ಕವರು. ಇವೆಲ್ಲ ಆಸ್ಪತ್ರೆಯಿಂದ ಸಿಗುವುದು ಕಾರ್ಖಾನೆಯ ಆರೋಗ್ಯ ಕಾರ್ಡಿನ ಮೇಲೆ. ಕೆಲಸದ ಪಟ್ಟಿಯಲ್ಲಿ ಹೆಸರಿದ್ದರೆ ಕಾರ್ಡು, ಕಾರ್ಡಿದ್ದರೆ ಕೊಳವೆ, ಕೊಳವೆಯಿದ್ದರೆ ಉಸಿರು. ಕೆಲಸ ಹೋದರೆ ಏನಾಗುತ್ತದೆಂದು ಯಾರೂ ನಮಗೆ ಬಿಡಿಸಿ ಹೇಳಬೇಕಿರಲಿಲ್ಲ.

ನಾಲ್ಕು ತಿಂಗಳಿಗೆ ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದು ಬರೆದುಕೊಟ್ಟರು. ಕಾಲರಿಗೆ ಬೇಕಾದ್ದು ಕಣ್ಣು ಮತ್ತು ಕೈ, ಅವೆರಡೂ ಗಟ್ಟಿಯಾಗಿದ್ದವು. ಸೂಪರ್‌ವೈಸರ್ ಕೂಡ ಬಾ ಎಂದ. ತೊಡಕಿದ್ದದ್ದು ಗೇಟಿನಲ್ಲಿ. ಅದಕ್ಕೂ ಒಂದು ವರ್ಷದ ಹಿಂದೆ ಒಂದಿಷ್ಟು ಅಂಗಿ ಕಳುವಾದಾಗಿನಿಂದ ಕೆಲಸಗಾರರು ಒಳಗೆ ಒಯ್ಯುವ ಚೀಲ ಪಾರದರ್ಶಕ ಪ್ಲಾಸ್ಟಿಕ್ಕಿನದೇ ಆಗಿರಬೇಕು. ಊಟದ ಡಬ್ಬಿ, ಮಾತ್ರೆ, ತಿಂಗಳ ಬಟ್ಟೆ, ಎಲ್ಲವೂ ಎಲ್ಲರಿಗೂ ಕಾಣಬೇಕು. ಇನ್ನೂರು ಹೆಂಗಸರು ತಮ್ಮ ಸಂಸಾರವನ್ನೆಲ್ಲ ಗಾಜಿನ ಬೀರುವಿನಲ್ಲಿಟ್ಟುಕೊಂಡಂತೆ ನಡೆದುಹೋಗುವುದನ್ನು ನಾನು ದಿನಾ ನೋಡುತ್ತಿದ್ದೆ. ಕದ್ದವನು ಗೋದಾಮಿನ ಗಂಡಸು. ಅವನು ಸಿಕ್ಕಿಬಿದ್ದ ಮೇಲೂ ನಿಯಮ ಹೋಗಲಿಲ್ಲ.

ತಂಗಿಗೆ ಆ ಚೀಲದ ಯೋಚನೆಯೇ ಬೇಡವಾಗಿತ್ತು. ಮಾತಿಲ್ಲದ ಮೇಲೆ ಅವಳು ಹೊಲಿಗೆಯ ಸೀಮೆಸುಣ್ಣದಲ್ಲಿ ಕಪ್ಪು ಬಟ್ಟೆಯ ತುಂಡಿನ ಮೇಲೆ ಬರೆಯುತ್ತಿದ್ದಳು. "ಎಲ್ಲರೂ ನೋಡ್ತಾರೆ" ಎಂದು ಬರೆದಳು. ಅಳಿಸಿ, "ಪಾಪ ಅಂತಾರೆ" ಎಂದು ಬರೆದಳು. ಎರಡನೆಯದರ ಕೆಳಗೆ ಗೆರೆ ಎಳೆದಳು.

ಆಗ ನಾನು ಜಾಣತನ ಮಾಡಿದೆ. "ಪಾರದರ್ಶಕ ಚೀಲ ತಾನೇ? ಹಿಡಿ. ಆದರೆ ಒಳಗಿರೋದು ಅದೇ ಅಂತ ಗೊತ್ತಾಗ್ದಿದ್ರೆ ಸಾಕಲ್ಲ?" ಎಂದೆ. ಕೊಳವೆಗಳನ್ನು ಕುದಿಸಿ ತೊಳೆದ ಗುಲಾಬಿ ಬಣ್ಣದ ಸೋಪಿನ ಡಬ್ಬಿಗೆ ಹಾಕಿದೆ. ಗಾಜ್ ಬಟ್ಟೆಯನ್ನು ಪೌಡರ್ ಡಬ್ಬಿಗೆ. ಅದರ ಮುಚ್ಚಳದಲ್ಲೇ ಕನ್ನಡಿಯಿತ್ತು. ಉಪ್ಪುನೀರಿನ ಟ್ಯೂಬುಗಳನ್ನು ತುಟಿಗೆ ಹಚ್ಚುವ ಬಣ್ಣದ ಪೆಟ್ಟಿಗೆಗೆ, ಬ್ರಷ್ಷು ಚಿಮಟಗಳನ್ನು ಬಾಚಣಿಗೆಯ ಉದ್ದ ಡಬ್ಬಿಗೆ. ಎದೆಬಟ್ಟೆಯನ್ನು ಅಂಗಿಯ ಕಾಲರಿನಂತೆಯೇ ಮಡಿಸಿ ಹೊಲಿದೆ. ಚೀಲವೆತ್ತಿ ಬೆಳಕಿಗೆ ಹಿಡಿದು ನೋಡಿದರೆ, ಮದುವೆಗೆ ಹೊರಟ ಹೆಂಗಸಿನ ಸಾಮಾನು!

ತಂಗಿ ನಕ್ಕಳು. ಸದ್ದಿಲ್ಲದ ನಗು, ಭುಜ ಮಾತ್ರ ಅಲುಗಾಡುವುದು. ಬಟ್ಟೆಯ ಮೇಲೆ ಬರೆದಳು: "ಐವತ್ತು ದಾಟಿದ ಮೇಲೆ ಸಿಂಗಾರ."

ಮೂರು ವಾರ ಸುಸೂತ್ರವಾಗಿ ನಡೆಯಿತು. ಗೇಟಿನ ಮೇಜಿನ ಹಿಂದೆ ಒಬ್ಬ ವಯಸ್ಸಾದ ಕಾವಲುಗಾರ ಕೂರುತ್ತಿದ್ದ. ಅವನು ಚೀಲಗಳನ್ನು ನೋಡುತ್ತಿದ್ದದ್ದು ಮೋಡ ನೋಡುವ ಹಾಗೆ. ನಾಲ್ಕನೇ ವಾರ ಅವನನ್ನು ತೆಗೆದು ಒಬ್ಬ ಹೆಂಗಸನ್ನು ಕೂರಿಸಿದರು. ಹೊಸ ಸಮವಸ್ತ್ರ, ಇಸ್ತ್ರಿಯ ಗೆರೆ, ಹೊಸ ಪೆನ್ನು. ಅವಳ ತಲೆಯ ಹಿಂದೆ ನಿಯಮಗಳ ಹಲಗೆ. ಅದರಲ್ಲಿ ಏಳನೆಯದನ್ನು ನಾನು ಎಂದೂ ಓದಿರಲಿಲ್ಲ: ಬಿಳಿ ಬಟ್ಟೆಗೆ ಕಲೆಯಾಗುವ ಕಾರಣ ಸೋಪು, ಪೌಡರು, ತುಟಿಬಣ್ಣ ಇತ್ಯಾದಿ ಒಳಗೆ ತರಕೂಡದು.

ಆ ಕಟ್ಟೆಯ ಮೇಲೆ ಆರು ವರ್ಷ ಕೂತಿದ್ದೇನೆ. ಹಲಗೆ ನನ್ನ ಕಣ್ಣೆದುರಿಗೇ ಇತ್ತು. ಓದಿರಲಿಲ್ಲ.

"ಏನಮ್ಮಾ ಇದು, ಬ್ಯೂಟಿ ಪಾರ್ಲರ್ ಇಡ್ತೀರಾ ಒಳಗೆ?" ಎಂದಳು ಗೇಟಿನವಳು. ಸಾಲಿನಲ್ಲಿದ್ದವರು ನಕ್ಕರು. ತಂಗಿ ಕತ್ತಿನ ಕಡೆ ಕೈ ತೋರಿಸಿದಳು. "ಕತ್ತಿಗೂ ಪೌಡರ್ ಹಾಕ್ತೀರಾ? ಹಾಕ್ಕೊಳ್ಳಿ, ಮನೇಲಿ ಹಾಕ್ಕೊಳ್ಳಿ. ಸಂಜೆ ಹೋಗ್ತಾ ತಗೊಂಡು ಹೋಗಿ." ಸೋಪಿನ ಡಬ್ಬಿ, ಪೌಡರ್ ಡಬ್ಬಿ, ಬಣ್ಣದ ಪೆಟ್ಟಿಗೆ, ಮೂರನ್ನೂ ಎತ್ತಿ ಮೇಜಿನ ಖಾನೆಗೆ ಹಾಕಿದಳು.

ನಾನು ಯಂತ್ರ ಬಿಟ್ಟು ಎದ್ದೆ. ರಸ್ತೆಯ ನಡುವೆ ಸಾಮಾನಿನ ಗಾಡಿ ಅಡ್ಡ ಬಂತು. ಅದು ದಾಟುವಷ್ಟರಲ್ಲಿ ತಂಗಿ ನನ್ನ ಕಡೆ ತಿರುಗಿ, ಬೇಡ ಎಂದು ಕೈಯಾಡಿಸಿ, ಒಳಗೆ ಹೋಗಿಬಿಟ್ಟಳು. ಡಬ್ಬಿ ತೆರೆದು ತೋರಿಸಿದ್ದರೆ ಮುಗಿಯುತ್ತಿತ್ತು. ಹಿಂದೆ ನಲವತ್ತು ಜನ. ತೆರೆಯಲಿಲ್ಲ. ಮುಚ್ಚಿಕೋ ಎಂದು ಕಲಿಸಿದವಳು ನಾನಲ್ಲವೆ?

ನಾನು ಗೇಟಿನವಳಿಗೆ ಹೇಳಿದೆ. "ಅಮ್ಮಾ, ಅದು ಸೋಪಲ್ಲ. ಔಷಧಿ ಸಾಮಾನು. ಅವಳಿಗೆ ಬೇಕೇ ಬೇಕು."

"ಸೋಪಿನ ಡಬ್ಬೀಲಿ ಔಷಧೀನಾ? ಅಜ್ಜೀ, ಇವತ್ತೇ ಮೊದಲನೇ ದಿನ ನಂಗೆ ಇಲ್ಲಿ. ಆಗಲೇ ಐದು ಜನ ಇಂಥದೇ ಕಥೆ ಹೇಳಿದಾರೆ. ಹೋಗಿ, ನಿಮ್ಮ ಕೆಲಸ ನೋಡ್ಕೊಳ್ಳಿ."

"ತೆಗೆದು ನೋಡು ಮತ್ತೆ!"

"ಇನ್ನೊಬ್ಬರ ಸಾಮಾನು ತೆಗೆಯೋ ಹಾಗಿಲ್ಲ. ಅದೂ ರೂಲೇ."

ನೋಡಿದಿರಾ? ಕಿತ್ತುಕೊಳ್ಳಬಹುದು, ತೆಗೆದು ನೋಡಬಾರದು.

ಒಳಗೆ ಆದದ್ದನ್ನು ನನಗೆ ಹೇಳಿದ್ದು ದಾರದವಳು. ತಂಗಿಯ ಪಕ್ಕದ ಮೇಜಿನಲ್ಲಿ ಅಂಗಿಗಳ ಉಳಿಕೆ ದಾರ ಕತ್ತರಿಸುತ್ತಾಳೆ, ಮೂವತ್ತರ ಹೆಣ್ಣು, ಮಾತು ಕತ್ತರಿಗಿಂತ ಚುರುಕು. ಹನ್ನೊಂದು ಗಂಟೆಗೆ ತಂಗಿಯ ಉಸಿರು ಸಿಳ್ಳೆ ಹಾಕತೊಡಗಿತಂತೆ. "ಸೈರನಕ್ಕ ಅಂಗಿ ಕೆಳಗಿಟ್ಟು ಎದ್ರು ಅಜ್ಜಿ. ಓಡಲಿಲ್ಲ. ಓಡಿದ್ರೆ ಉಸಿರು ಹೆಚ್ಚು ಬೇಕು ಅಂತ ಅವರಿಗೆ ಗೊತ್ತಿತ್ತು ಅನ್ಸುತ್ತೆ. ಗೋಡೆ ಹಿಡ್ಕೊಂಡು, ಒಂದೊಂದೇ ಹೆಜ್ಜೆ. ತುಟಿ ನೀಲಿ. ಸೂಪರ್‌ವೈಸರ್, ಈಗ ಬಿಡುವಿಲ್ಲ ಅಕ್ಕ ಅಂತ ಕೈ ಅಡ್ಡ ಇಟ್ಟ. ನಾನು ಅವನ ಕೈಯನ್ನ ಹಾಗೇ ಎತ್ತಿ ಪಕ್ಕಕ್ಕಿಟ್ಟೆ."

ಗೇಟಿಗೆ ಬಂದಾಗ ನಾನೂ ನೋಡಿದೆ. ಆ ಹೊತ್ತಿಗೆ ಸರಿಯಾಗಿ ಮ್ಯಾನೇಜರ್ ಹೊರಗಿನಿಂದ ಬಂದ ಇಬ್ಬರು ಗಿರಾಕಿಗಳನ್ನು ಕಾರಿನಿಂದ ಇಳಿಸಿಕೊಳ್ಳುತ್ತಿದ್ದರು. ತಂಗಿ ಮೇಜಿನ ಖಾನೆ ಎಳೆದಳು. ಗೇಟಿನವಳು "ಏಯ್!" ಎಂದು ಕೈ ಹಿಡಿದಳು. ತಂಗಿ ಇನ್ನೊಂದು ಕೈಯಿಂದ ನನ್ನ ಅಂದದ ಎದೆಬಟ್ಟೆಯನ್ನು ಕಿತ್ತೆಸೆದಳು.

ಗೇಟಿನವಳ ಕೈ ಬೆಂಕಿ ಮುಟ್ಟಿದಂತೆ ಹಿಂದೆ ಸರಿಯಿತು.

ನಾನು ತಲುಪಿದ್ದೆ. ಖಾನೆಯಿಂದ ಮೂರೂ ಡಬ್ಬಿ ಎತ್ತಿ, ಪೌಡರ್ ಡಬ್ಬಿಯ ಕನ್ನಡಿ ಹಿಡಿದೆ. ಅವಳು ಉಪ್ಪುನೀರಿನ ಟ್ಯೂಬಿನ ತುದಿ ಮುರಿದು ತೂತಿಗೆ ಬಿಟ್ಟಳು, ಬಗ್ಗಿ ಕೆಮ್ಮಿದಳು. ಏನೂ ಬರಲಿಲ್ಲ. ಇನ್ನೊಂದು. ಹಳೆಯ ಕೊಳವೆ ಎಳೆದು ಮೇಜಿನ ಮೇಲೆ, ಆ ಹೊಸ ರಿಜಿಸ್ಟರಿನ ಮೇಲೆ ಹಾಕಿದಳು. ಮತ್ತೆ ಕೆಮ್ಮಿದಳು. ಒಣಗಿ ಕಪ್ಪಾದ, ಹತ್ತಿಯ ಎಳೆ ಸುತ್ತಿಕೊಂಡ ಒಂದು ಉಂಡೆ ಹೊರಬಿತ್ತು. ಆಮೇಲೆ ಉಸಿರು ಒಳಗೆ ಹೋದ ಸದ್ದನ್ನು ರಸ್ತೆಯ ಆಚೆ ಬದಿಯವರೂ ಕೇಳಿರಬೇಕು. ಹೊಸ ಕೊಳವೆಗೆ ಜೆಲ್ಲಿ ಸವರಿ ಒಳಗೆ ಜಾರಿಸಿ, ಪಟ್ಟಿ ಬಿಗಿದುಕೊಂಡಳು. ಗಿರಾಕಿಗಳಲ್ಲಿ ಒಬ್ಬ ಮುಖ ತಿರುಗಿಸಿ ನಿಂತಿದ್ದ.

ಸಂಜೆ ಮ್ಯಾನೇಜರ್ ಕರೆಸಿದರು. ಅವಳ ಜೊತೆ ನಾನೂ ಹೋದೆ; ಯಾರಾದರೂ ಕೇಳಿಸಿಕೊಳ್ಳಬೇಕಲ್ಲ. ಮ್ಯಾನೇಜರ್ ಮೆತ್ತನೆಯ ಮನುಷ್ಯ, ಸಿಟ್ಟು ಬರಿಸುವಷ್ಟು ಮೆತ್ತಗೆ. "ನೋಡಿ ಅಮ್ಮ, ನಮಗೂ ಕಾಳಜಿ ಇದೆ. ಗುಣ ಆಗೋ ತನಕ ಮನೇಲಿ ಆರಾಮವಾಗಿರಿ. ಆಮೇಲೆ ನೋಡೋಣ."

ತಂಗಿ ಬಟ್ಟೆ ಹರವಿ ಬರೆದಳು: "ಗುಣ ಆಗಿದೆ. ಗುಣ ಆದರೆ ಹೀಗೇ ಇರುತ್ತೆ."

"ಅದು ಸರಿ. ಆದರೆ ಗೇಟಿನಲ್ಲಿ, ನಾಲ್ಕು ಜನರ ಮುಂದೆ…"

"ನಿಮ್ಮ ಗೇಟಿನವಳೇ ಅಲ್ಲಿಟ್ಟುಕೊಂಡಿದ್ದು" ಎಂದೆ ನಾನು.

"ಸೋಪಿನ ಡಬ್ಬೀಲಿ ಇಟ್ರೆ ಅವಳಿಗೇನು ಕನಸು ಬೀಳುತ್ತಾ?"

ಆ ಮಾತು ಇಂದಿಗೂ ನನ್ನೊಳಗೆ ಮುರಿದ ಸೂಜಿಯ ಹಾಗೆ ಕೂತಿದೆ.

ತಂಗಿ ಎರಡೇ ಪದ ಸಣ್ಣದಾಗಿ ಬರೆದು ಬಟ್ಟೆಯನ್ನು ಅವರ ಮೂಗಿನ ಹತ್ತಿರ ಹಿಡಿದಳು: "ಬರೆದು ಕೊಡಿ." ಮನೆಯಲ್ಲಿರು ಎಂಬುದನ್ನು ಕಾಗದದಲ್ಲಿ ಬರೆದು ಸಹಿ ಹಾಕಿ ಎಂದು. ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಬರೆಯಲಿಲ್ಲ. ಅವರ ಹತ್ತಿರ ಡಾಕ್ಟರ ಕಾಗದವಿತ್ತು. ಅದರ ವಿರುದ್ಧ ಸಹಿ ಹಾಕಲು ಯಾರ ಕೈಯೂ ಬರುವುದಿಲ್ಲ. "ಯೋಚನೆ ಮಾಡಿ" ಎಂದು ಎದ್ದರು.

ಮನೆಗೆ ಬಂದವಳೇ ತಂಗಿ ಸೋಪಿನ ಡಬ್ಬಿ, ಪೌಡರ್ ಡಬ್ಬಿಗಳನ್ನು ಒಗೆದ ಬಟ್ಟೆಯ ಮೇಲೆ ಸುರಿದಳು. ಹನ್ನೆರಡು ಬಗೆಯನ್ನೂ ಆಸ್ಪತ್ರೆಯ ಮುದ್ರೆಯಿದ್ದ ಆಯಾ ಪೊಟ್ಟಣಗಳಿಗೇ ಹಾಕಿ ಪಾರದರ್ಶಕ ಚೀಲದಲ್ಲಿ ಜೋಡಿಸಿದಳು. ನಾನು ಮುಂದೆ ಹೋದೆ. "ಇಷ್ಟೊಂದು ತೋರಿಸ್ಕೊಂಡು ಹೋಗ್ಬೇಡ ಕಣೇ. ನಾನು ಬೇರೆ ಥರ ಹೊಲಿದುಕೊಡ್ತೀನಿ, ಒಳಜೇಬು ಇಟ್ಟು."

ಅವಳು ನನ್ನ ಕೈ ಹಿಡಿದು ಚೀಲದಿಂದ ಆಚೆ ಇಟ್ಟಳು. ಅಷ್ಟು ಬಲವಾಗಿ ಅವಳು ನನ್ನನ್ನು ಎಂದೂ ಹಿಡಿದಿರಲಿಲ್ಲ.

ಮರುದಿನ ಬೆಳಿಗ್ಗೆ ಸಾಲಿನಲ್ಲಿ ಮೊದಲನೆಯವಳೇ ಅವಳು. ಗೇಟಿನವಳು ಕಣ್ಣೆತ್ತದೆ "ಹೋಗಿ ಹೋಗಿ" ಎಂದಳು. ತಂಗಿ ಹೋಗಲಿಲ್ಲ. ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ, ಸಾಮಾನನ್ನು ಒಂದೊಂದಾಗಿ ಸಾಲಾಗಿ ಇಟ್ಟಳು. ಹಲಗೆಯ ಒಂಬತ್ತನೇ ನಿಯಮದ ಮೇಲೆ ಬೆರಳಿಟ್ಟಳು: ಒಳಗೆ ತರುವ ವಿಶೇಷ ಸಾಮಾನುಗಳನ್ನು ರಿಜಿಸ್ಟರಿನಲ್ಲಿ ನಮೂದಿಸತಕ್ಕದ್ದು. ಹಿಂದಿನ ಸಂಜೆ ಗೇಟು ದಾಟುವಾಗಲೇ ಅವಳು ಅದನ್ನು ಓದಿಟ್ಟುಕೊಂಡಿದ್ದಳು. ಇಪ್ಪತ್ತೆರಡು ವರ್ಷ ತಪ್ಪು ಹುಡುಕಿದ ಕಣ್ಣು.

"ಅಯ್ಯೋ, ಬೇಡಮ್ಮಾ, ಒಳಗೆ ಹೋಗಿ. ಲೇಟಾಗುತ್ತೆ."

ತಂಗಿ ಬೆರಳು ತೆಗೆಯಲಿಲ್ಲ. ಹಿಂದೆ ಸಾಲು ಬೆಳೆಯಿತು. ಗೇಟಿನವಳು ಹಲ್ಲು ಕಚ್ಚಿ ಬರೆಯತೊಡಗಿದಳು. "ಕೊಳವೆ… ಎರಡು. ಇದೇನಿದು? ನೀರು? ಐದು." ಕಾರ್ಖಾನೆಯ ಸೈರನ್ ಕೂಗಿತು. ಇನ್ನೂರು ಜನ ಇನ್ನೂ ಗೇಟಿನ ಹೊರಗೆ. ಸೂಪರ್‌ವೈಸರ್ ಓಡಿ ಬಂದು, "ಏನ್ರೀ ನಡೀತಿದೆ? ಯಂತ್ರ ಎಲ್ಲಾ ಖಾಲಿ!" ಎಂದು ಕೂಗಿದ.

"ನಿಮ್ಮ ಸೈರನಕ್ಕನೇ ನಿಲ್ಲಿಸಿದಾರೆ ಸಾರ್, ನನ್ನ ಕೇಳ್ಬೇಡಿ" ಎಂದಳು ಗೇಟಿನವಳು.

ಎರಡನೇ ದಿನ ಗೊಣಗಾಟ. "ಸೈರನಕ್ಕ, ನಿಮ್ಮಿಂದ ನಮಗೂ ಬೈಗುಳ" ಎಂದು ಹಿಂದಿನಿಂದ ಯಾರೋ ಅಂದರು. ನನಗೆ ಕಟ್ಟೆಯಿಂದಲೇ ಉರಿಯಿತು. ಎರಡು ದಿನದ ಹಿಂದೆ ಪೌಡರ್ ಡಬ್ಬಿಗೆ ನಕ್ಕ ಬಾಯಿಯೇ ಅದು. ದಾರದವಳು ತಿರುಗಿ, "ನಿನ್ನ ಚೀಲದಲ್ಲಿರೋದನ್ನ ನಾನು ಓದ್ಲಾ ಜೋರಾಗಿ?" ಎಂದಳು. ಐದನೇ ದಿನದ ಹೊತ್ತಿಗೆ ಸಾಲಿನವರಿಗೆಲ್ಲ ಪಟ್ಟಿ ಬಾಯಿಗೆ ಬಂದಿತ್ತು. ಗೇಟಿನವಳು ಒಂದನ್ನು ಹಾರಿಸಿದರೆ, "ಟಾರ್ಚ್ ಬಿಟ್ರಿ ಮೇಡಂ!" ಎಂದು ಹಿಂದಿನಿಂದ ಕೂಗು. ಎಂಟನೇ ದಿನ ನಾನು ಆತುರದಲ್ಲಿ ಉಪ್ಪುನೀರಿನ ಟ್ಯೂಬುಗಳನ್ನು ಮನೆಯ ಕಿಟಕಿಯಲ್ಲೇ ಬಿಟ್ಟಿದ್ದೆ. ಪೊಟ್ಟಣ ಬಿಚ್ಚುವ ಮೊದಲೇ ಸಾಲಿನಲ್ಲಿ ಮೂರನೆಯವಳು, "ನೀರಿಲ್ಲ! ಸೈರನಕ್ಕಂಗೆ ನೀರಿಲ್ಲ!" ಎಂದಳು. ನಾನು ಮನೆಗೆ ಓಡಿ ತಂದೆ. ನಾನು ಹಿಂದಿರುಗುವ ತನಕ ಸಾಲಿನಲ್ಲಿ ಒಬ್ಬರೂ ಒಳಗೆ ಹೋಗಿರಲಿಲ್ಲ. ಅಡಗಿಸಿಟ್ಟ ಮೂರು ವಾರದಲ್ಲಿ ಹೀಗೆ ಮರೆತಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ಹತ್ತನೇ ದಿನ ಮ್ಯಾನೇಜರ್ ತಾವೇ ಗೇಟಿಗೆ ಬಂದರು. ಕೈಯಲ್ಲಿ ಮುದ್ರೆಯೊತ್ತಿದ ಕಾಗದ. "ತಗೊಳ್ಳಿ ಅಮ್ಮ, ಖಾಯಂ ಪಾಸು. ಇನ್ನು ತಪಾಸಣೆ ಇಲ್ಲ. ಕೆಲಸವೂ ಭದ್ರ. ಸಂತೋಷವೇ?"

ತಂಗಿ ಕಾಗದವನ್ನು ಕಾಲರ್ ಹಿಡಿಯುವ ಹಾಗೆ ಎರಡು ಮೂಲೆಯಲ್ಲಿ ಹಿಡಿದು ಬೆಳಕಿಗೆತ್ತಿದಳು. ಹಿಂದಿದ್ದ ದಾರದವಳು ಜೋರಾಗಿ ಓದಿದಳು: "ಸದರಿ ಕಾರ್ಮಿಕೆಯು ತನ್ನ ವೈದ್ಯಕೀಯ ಸಾಮಗ್ರಿಗಳನ್ನು ಇತರರಿಗೆ ಕಾಣದಂತೆ ಮುಚ್ಚಿದ ಚೀಲದಲ್ಲಿ ತರತಕ್ಕದ್ದು."

ಹತ್ತು ದಿನದ ಹಿಂದೆ ಇದೇ ಕಾಗದ ಕೊಟ್ಟಿದ್ದರೆ ನಾವಿಬ್ಬರೂ ಅವರಿಗೆ ಕೈಮುಗಿದು ಬರುತ್ತಿದ್ದೆವು. ಅದು ನೆನಪಾಗಿ ನನ್ನ ಕಿವಿ ಬಿಸಿಯಾಯಿತು. ತೋರಿಸು ಎಂದಾಗ ತೋರಿಸಬೇಕು. ನೋಡಲು ಇವರಿಗೆ ಕಷ್ಟವಾದರೆ ಮುಚ್ಚಿಕೊಳ್ಳಬೇಕು!

ತಂಗಿ ಜೇಬಿನಿಂದ ಕೆಂಪು ಬಾಣದ ಚೀಟಿ ತೆಗೆದಳು. 'ಕಾಣದಂತೆ' ಎಂಬ ಪದಕ್ಕೆ ಮೊನೆ ತಾಗುವ ಹಾಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಕಾಗದವನ್ನು ಮ್ಯಾನೇಜರ ಕೈಗೇ ಹಿಂದಿರುಗಿಸಿದಳು. ತಪ್ಪಿದ ಅಂಗಿ ಹೊಲಿದವನ ಬಳಿಗೆ ಹೋಗುವುದೂ ಹಾಗೆಯೇ.

"ವಾಪಸ್ ಮಾಲು ಸಾರ್!" ಎಂದು ಸಾಲಿನಿಂದ ಯಾರೋ ಕೂಗಿದರು. ಮ್ಯಾನೇಜರ್ ಮುಖ ಆ ಚೀಟಿಯ ಬಣ್ಣಕ್ಕೆ ತಿರುಗಿತು. ಕಾಗದ ಮಡಚಿಕೊಂಡು ಹೋದರು.

ಆರು ದಿನಕ್ಕೆ ಇನ್ನೊಂದು ಕಾಗದ ಬಂತು. ಅದರಲ್ಲಿ 'ಕಾಣದಂತೆ' ಎಂಬ ಮಾತು ಇರಲಿಲ್ಲ. ಮುಚ್ಚಿಯಾದರೂ ತರಲಿ, ತೆರೆದಾದರೂ ತರಲಿ, ಸಾಮಾನು ಅವಳ ಮೇಜಿನ ಮೇಲೆ ಕೈಗೆ ಎಟುಕುವಂತಿರಲಿ ಎಂದಿತ್ತು. ಹಲಗೆಯ ಏಳನೇ ನಿಯಮದ ಕೆಳಗೂ ಔಷಧಿಯ ವಿಷಯವಾಗಿ ಒಂದು ಸಾಲು ಸೇರಿತು. ಕ್ಷಮಿಸಿ ಎಂದು ಯಾರೂ ಅನ್ನಲಿಲ್ಲ, ಯಾವ ಕಾಗದದಲ್ಲೂ ಇರಲಿಲ್ಲ. ಗೇಟಿನವಳು ಈಗ ನನ್ನ ಹತ್ತಿರ ಬ್ಲೌಸು ಬಿಗಿ ಮಾಡಿಸಲು ಬರುತ್ತಾಳೆ. "ಅಜ್ಜೀ, ನಾನು ರೂಲ್ ಪ್ರಕಾರ ಮಾಡಿದ್ದು" ಎನ್ನುತ್ತಾಳೆ. ಹೊಲಿದು ಕೊಡುತ್ತೇನೆ. ಆದರೆ ಅವಳ ಮಾತಿಗೆ ತಲೆಯಾಡಿಸುವುದಿಲ್ಲ.

ತಂಗಿ ಇಂದಿಗೂ ದಿನಾ ಬೆಳಿಗ್ಗೆ ಚೀಲವನ್ನು ಮೇಜಿನ ಮೇಲೆ ಎತ್ತಿಡುತ್ತಾಳೆ. ಬರೆಯುವವರಿಲ್ಲ. ಸಾಲಿನಲ್ಲಿ ನಿಂತವರು ಒಮ್ಮೆ ಕಣ್ಣಾಡಿಸಿ, "ಎಲ್ಲಾ ಇದೆ ಅಕ್ಕ, ನಡೀರಿ" ಎನ್ನುತ್ತಾರೆ. ಆಗ ಅವಳು ಒಳಗೆ ಹೋಗುತ್ತಾಳೆ. ಗುಲಾಬಿ ಬಣ್ಣದ ಆ ಸೋಪಿನ ಡಬ್ಬಿ ನನ್ನ ಯಂತ್ರದ ಖಾನೆಯಲ್ಲಿದೆ. ಮುರಿದ ಸೂಜಿಗಳನ್ನು ಅದರಲ್ಲಿ ಹಾಕುತ್ತೇನೆ.